ನೀರಿಗೆ ಚುಕ್ಕಿಯಿಲ್ಲ

ನೌಬಾದಿನ ಸುರಂಗ ಬಾವಿಯ ಹನ್ನೊಂದನೇ ಬಾಯಿಯಿಂದ
ಹಗ್ಗ ಕಟ್ಟಿ ಇಳಿಸಿದ್ದರು ಮೂರು ಕಾಲಿನ ಯಂತ್ರ.
ಅದು ಸುತ್ತ ತಿರುಗಿ ಬೆಳಕು ಎಸೆಯಿತು,
ಮರಳಿ ಬಂದದ್ದನ್ನು ಎಣಿಸಿಕೊಂಡಿತು.
ಆ ಕತ್ತಲೆಲ್ಲ ಈಗ ಬೀದರಿನ ಈ ಎರಡನೇ ಮಹಡಿಯಲ್ಲಿ
ನನ್ನ ಪರದೆಯ ಮೇಲೆ. ನಾಲ್ಕು ಕೋಟಿ ಚುಕ್ಕಿ.
ಬೆರಳಾಡಿಸಿದರೆ ಮಗ್ಗುಲು ಹೊರಳುತ್ತದೆ.

ನನ್ನ ಕೆಲಸ ಹೆಸರಿಡುವುದು.
ತೊಟ್ಟಿಲಿಗೆ ಬಾಗಿ, ಕಿವಿಯಲ್ಲಿ ಕುರ್ರ್ ಎಂದು
ಸೋದರತ್ತೆ ಇಡುವ ಹಾಗಲ್ಲ;
ಚುಕ್ಕಿಗಳ ಹಿಂಡಿಗೆ ಬಲೆ ಬೀಸಿ, ಬಣ್ಣ ಬಳಿದು:
ಕಂದು ಗೋಡೆ, ಹಳದಿ ನೆಲ, ಹಸಿರು ಗಿಡ.
ಉಳಿದದ್ದನ್ನು ಯಂತ್ರ ತಾನೇ ಕಲಿತು ಹೇಳಬೇಕು.

ಕಲಿಯುತ್ತಿದೆ, ಸುಳ್ಳಲ್ಲ.
ಮೊನ್ನೆ ಜೋತುಬಿದ್ದ ಬಾವಲಿಗಳಿಗೆ 'ದೀಪ' ಅಂದಿತ್ತು,
ನಿನ್ನೆ ತಿದ್ದಿಕೊಂಡಿತು.
ಆಲದ ಬೇರಿಗೆ 'ವೈರು' ಅಂತು. ನಾ ನಕ್ಕೆ.
ಪಕ್ಕದ ಕುರ್ಚಿಯ ಭಾಗ್ಯವಂತಿ ಅಂದಳು:
"ನಗಬ್ಯಾಡ. ನಮ್ ಅಕ್ಕನ ಮಗ ಸುದ್ದಾ
ಎಮ್ಮಿ ನೋಡಿ ಅಪ್ಪಾ ಅಂತಿದ್ದ."

ಮೂವತ್ತೊಂದು ಹೆಸರಿನ ಪಟ್ಟಿ ಬಂದಿದೆ, ಎಲ್ಲಿಂದಲೋ.
ಅದರಲ್ಲಿ ಸೋಫಾ ಇದೆ, ಬಾತ್‌ಟಬ್ ಇದೆ.
ಜಂಬಿಟ್ಟಿಗೆಯಲ್ಲಿ ಅಂಗೈಯಗಲ ಕೊರೆದ,
ಮಸಿ ಇನ್ನೂ ಬಿಡದ ಹಣತೆಯ ಗೂಡಿಗೆ ಹೆಸರಿಲ್ಲ.
ಅಗೆಯುತ್ತಿದ್ದವ ಯಾವನೋ
ಆ ಬೆಳಕಿನಲ್ಲಿ ಕೈಯ ಗುಳ್ಳೆ ನೋಡಿಕೊಂಡಿದ್ದಾನು.
ಯಂತ್ರ ಕೇಳುತ್ತದೆ: ಕಿಟಕಿ? ನೂರಕ್ಕೆ ನಲವತ್ತೆರಡು.
ಕಿಟಕಿಯಾಚೆ ಏನಿದೆ ತಮ್ಮಾ,
ಕಲ್ಲು, ಅದರಾಚೆ ಮತ್ತೆ ಕಲ್ಲು.
'ಇತರೆ' ಒತ್ತಿದೆ.
ದಿನಕ್ಕೆ ಎಷ್ಟು 'ಇತರೆ' ಒತ್ತಬಹುದು ಅನ್ನುವುದಕ್ಕೂ ಮಿತಿಯಿದೆ.

ಮುಂದಿನ ತಿರುವಿನಲ್ಲಿ ಒಬ್ಬ ಮನುಷ್ಯ ಮೂರು ಸಲ ಇದ್ದಾನೆ.
ಬೆಳಕು ಸುತ್ತಿ ಬರುವಷ್ಟರಲ್ಲಿ ನಡೆದಿರಬೇಕು:
ಒಂದೆಡೆ ಬರೀ ಬೆನ್ನು, ಒಂದೆಡೆ ಲುಂಗಿ ಮತ್ತು ಬುಟ್ಟಿ,
ಕೊನೆಗೆ ಒಂದು ಮೊಣಕೈ, ಅರ್ಧ ರುಮಾಲು.
ಯಂತ್ರ ಅಂದಿತು: ಕಂಬ. ಕಂಬ. ಗಿಡ.
ನಿಯಮ ಹೇಳುತ್ತದೆ, ಅಲುಗಾಡಿದ್ದೆಲ್ಲ ಗದ್ದಲ,
ಅಳಿಸಿಬಿಡಿ.

ನನಗೆ ಆ ರುಮಾಲು ಗೊತ್ತು.
ಹೂಳು ತೆಗೆಯುವ ಖಾಜಾಮಿಯಾ.
ಒಮ್ಮೆ ನಾನೂ ಇಳಿದಿದ್ದೆ, ಫೋನಿನ ದೀಪ ಹಿಡಿದು.
"ಏನೂ ಕಾಣ್ಸವಲ್ದು ಚಾಚಾ" ಅಂದರೆ
"ನೋಡಾದ್ ಏನದ ಬೇಟಿ, ಕಾಲಿಗಿ ತಿಳೀತದ" ಅಂದು
ಹರಿವಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು:
"ಇದು ಆರನೇ ಬಾಯೀದು. ಮ್ಯಾಲ ಬೇವಿನ್ ಗಿಡ ಅದ."
ನೂರಕ್ಕೆ ಎಷ್ಟು, ಅಂತ ಅವರನ್ನು ಯಾರೂ ಕೇಳಿಲ್ಲ.

ಯಂತ್ರಕ್ಕೆ ನೀರೊಂದು ಮಾತ್ರ ಕಾಣದು.
ಮೇಲೆ ಬಿದ್ದ ಬೆಳಕನ್ನು ನೀರು ಮರಳಿಸುವುದಿಲ್ಲ.
ಗೋಡೆ ಬಂತು, ಚಾವಣಿ ಬಂತು,
ಉಳಿಯ ಏಟು ಒಂದೊಂದೂ ಬಂತು;
ನಡುವೆ ಉದ್ದಕ್ಕೂ ಒಂದು ಕರಿ ಸೀಳು,
ಒಂದೂ ಚುಕ್ಕಿಯಿಲ್ಲದ್ದು. ಕೆಳಗೆ ಟಿಪ್ಪಣಿ:
ಮಾಹಿತಿ ಇಲ್ಲ.
ಇಷ್ಟೆಲ್ಲ ಕೊರೆದದ್ದು ಅದಕ್ಕೇ ಅಂತ
ಯಾವ ಬಣ್ಣದಲ್ಲಿ ಬರೆಯಲಿ?

ಸಂಜೆ ಆರಕ್ಕೆ ಕಡತ ಕಳಿಸಬೇಕು.
ಬೆನ್ನು, ಬುಟ್ಟಿ, ಮೊಣಕೈ, ಮೂರಕ್ಕೂ ಒಂದೇ ಬಲೆ ಬೀಸಿ
'ವ್ಯಕ್ತಿ' ಎಂದು ಬರೆದೆ. ಎಣಿಕೆ: ಒಂದು.
ಐದು ನಿಮಿಷಕ್ಕೆ ಕೆಂಪಾಗಿ ವಾಪಸು ಬಂತು:
ಒಬ್ಬ ವ್ಯಕ್ತಿ ಮೂರು ಕಡೆ ಇರಲಾರ.

ಇರುತ್ತಾನೆ, ಅಂತ ಬರೆಯಲು ಜಾಗವಿರಲಿಲ್ಲ.

ಭಾಗ್ಯವಂತಿ ತನ್ನ ಬಾಟಲಿ ಚಾಚಿದಳು.
ಒಂದು ಗುಟುಕನ್ನು ನಾಲಿಗೆಯ ಮೇಲೆ ನಿಲ್ಲಿಸಿಕೊಂಡು
ಕಣ್ಣು ಮುಚ್ಚಿ ನೋಡಿದೆ.
ಪ್ಲಾಸ್ಟಿಕ್ಕು, ಸ್ವಲ್ಪ ಔಷಧಿ.
ಎಲ್ಲಿಯ ನೀರೋ, ಗೊತ್ತಾಗಲಿಲ್ಲ.